ಕಪ್ಪುಕುಳಿಗೆ ಹಗ್ಗ ಇಳಿಬಿಟ್ಟ ಐದು ವಾರ

ವಿಜಾಪುರ ಸ್ಟೇಷನ್

ಕಪ್ಪುಕುಳಿಯೊಳಗೆ ಬಿದ್ದ ಪೆಟ್ಟಿಗೆಗೆ ಏನಾಗುತ್ತದೆ ಎಂದು ತಿಳಿಯಲು ನಾನು ಕಳೆದ ಬೇಸಿಗೆಯಲ್ಲಿ ಇಟಲಿಗೆ ಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮೂರು ಟಿಕೋಟಾದಲ್ಲಿ ಅರ್ಧ ಜನ ನಾನು ಕೈಗಡಿಯಾರ ತರಲು ಹೋಗಿದ್ದೆ ಎಂದೂ ಇನ್ನರ್ಧ ಜನ ಕಣ್ಣು ತೋರಿಸಿಕೊಳ್ಳಲು ಹೋಗಿದ್ದೆ ಎಂದೂ ನಂಬಿದ್ದಾರೆ. ವಿಜಾಪುರದಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, ಅದಕ್ಕಿಂತ ಕೈಗಡಿಯಾರದ ಮಾತೇ ನಂಬಲು ಸುಲಭ ಎಂದರು.

ಕಪ್ಪುಕುಳಿ ಎಂದರೆ ತನ್ನ ಭಾರಕ್ಕೆ ತಾನೇ ಕುಸಿದುಹೋದ ನಕ್ಷತ್ರ. ಅದಕ್ಕೊಂದು ಅಂಚು ಇರುತ್ತದೆ. ಅಂಚು ದಾಟಿ ಒಳಗೆ ಹೋದದ್ದು, ಬೆಳಕೇ ಆಗಲಿ, ಹೊರಳಿ ಬರುವುದಿಲ್ಲ. ಇಷ್ಟು ನನಗೆ ಧಾರವಾಡದಲ್ಲಿ ಓದುವಾಗಲೇ ತಿಳಿದಿತ್ತು. ಆದರೆ ಈಚಿನ ಮೂರು ನಾಲ್ಕು ವರ್ಷಗಳಲ್ಲಿ, ಅಂದರೆ ೧೯೭೪ರ ಈಚೆಗೆ, ವಿದ್ವಾಂಸರು ಹೊಸದೊಂದು ಮಾತು ಹೇಳತೊಡಗಿದ್ದಾರೆ: ಈ ಕುಳಿ ಪೂರ್ತಿ ತಣ್ಣಗಿಲ್ಲ, ಬೂದಿ ಮುಚ್ಚಿದ ಒಲೆಯ ಹಾಗೆ ಸ್ವಲ್ಪ ಕಾವು ಬಿಡುತ್ತದೆ. ಆ ಕಾವನ್ನು ಅಳೆಯಲು ಅವರು ಮನಸ್ಸಿನಲ್ಲೇ ಒಂದು ಪುಟ್ಟ ಪೆಟ್ಟಿಗೆ ಮಾಡಿಕೊಂಡಿದ್ದಾರೆ. ಅದರೊಳಗೆ ಎರಡೇ ಮೆಟ್ಟಿಲು. ಒಂದು ಕಣ ತಾಕಿದರೆ ಪೆಟ್ಟಿಗೆ ಕೆಳಗಿನ ಮೆಟ್ಟಿಲಿನಿಂದ ಮೇಲಿನದಕ್ಕೆ ಜಿಗಿಯುತ್ತದೆ. ಎಷ್ಟು ಸಲ ಜಿಗಿಯಿತು ಎಂದು ಎಣಿಸಿದರೆ ಅಲ್ಲಿ ಎಷ್ಟು ಕಾವಿದೆ ಎಂದು ತಿಳಿಯುತ್ತದೆ. ಇದನ್ನು ಕಣಶೋಧಕ ಎನ್ನುತ್ತಾರೆ. ಇಂಥ ಪೆಟ್ಟಿಗೆ ಕುಳಿಯೊಳಗೆ ಬಿದ್ದರೆ ಎಷ್ಟು ಸಲ ಜಿಗಿದೀತು?

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲನೆಯವನು ನಾನು. ಟಿಕೋಟಾದ ಸಾಲೆ, ಬಬಲೇಶ್ವರದ ಹೈಸ್ಕೂಲು, ವಿಜಾಪುರದಲ್ಲಿ ಬಿ.ಎಸ್ಸಿ., ಧಾರವಾಡದಲ್ಲಿ ಎಂ.ಎಸ್ಸಿ. ಒಂದೊಂದು ಮೆಟ್ಟಿಲನ್ನೂ ನಾನೇ ಕಡಿದುಕೊಂಡು ಹತ್ತಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಇಟಲಿಯ ಈ ಬೇಸಿಗೆ ಶಾಲೆ ಐದು ವಾರದ್ದು. ಕೊನೆಯ ವಾರ ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ಎಲ್ಲರೆದುರು ಇಪ್ಪತ್ತು ನಿಮಿಷ ಹೇಳಬೇಕು. ಅವರಲ್ಲಿ ಇಬ್ಬರನ್ನು ಆರಿಸಿ, ಎರಡು ವರ್ಷ ಅಲ್ಲೇ ಇಟ್ಟುಕೊಂಡು ಡಾಕ್ಟರೇಟ್ ಮಾಡಿಸುತ್ತಾರೆ. ಆ ಎರಡು ಜಾಗಗಳಲ್ಲಿ ಒಂದು ನನ್ನದು ಎಂದುಕೊಂಡೇ ನಾನು ಅಥಣಿ ರಸ್ತೆಯ ನನ್ನ ಬಾಡಿಗೆ ಖೋಲಿಗೆ ಬೀಗ ಹಾಕಿ ಹೊರಟದ್ದು.

ಸ್ಟೇಷನ್ನಿಗೆ ಅಪ್ಪ ಬಂದಿದ್ದ. ಅಪ್ಪನ ಹೆಸರು ಯಲ್ಲಪ್ಪ, ಕಸುಬು ಬಾವಿ ತೋಡುವುದು. ಜೊತೆಗೆ ರಾಜೇಸಾಬ ಇದ್ದ. ಅಪ್ಪ ಬಾವಿಗೆ ಇಳಿದಾಗ ಮೇಲೆ ನಿಂತು ಹಗ್ಗ ಹಿಡಿಯುವವನು ಅವನೇ, ನಾನು ಹುಟ್ಟುವುದಕ್ಕೆ ಮುಂಚಿನಿಂದ. ಇಬ್ಬರೂ ಸೇರಿ ನನ್ನ ತಗಡಿನ ಟ್ರಂಕಿಗೆ ಹಗ್ಗ ಬಿಗಿದರು.

"ಅಲ್ಲಿ ಏನ್ ಕೆಲಸಪಾ ನಿಂದು, ಮಾಸ್ತರ?" ಎಂದ ರಾಜೇಸಾಬ.

"ಒಂದ ಕುಣಿ ಐತಿ ಕಾಕಾ. ಅದರಾಗ ಪೆಟಿಗಿ ಬಿದ್ರ ಏನಾಕ್ಕೈತಿ ಅಂತ ಲೆಕ್ಕ ಮಾಡೂದು."

"ಎಷ್ಟ ಮಾರ ಆಳ?"

"ತಳಾನ ಇಲ್ಲದ್ದು."

"ಹಂಗಂದ್ರ ಅದನ್ನ ತೋಡಿದಾಂವ ಇನ್ನಾ ಒಳಗ ಅದಾನ!" ಎಂದು ರಾಜೇಸಾಬ ಅಪ್ಪನ ಬೆನ್ನಿಗೆ ಹೊಡೆದ. ಅಪ್ಪ ನಗುತ್ತಲೇ ಗಂಟನ್ನು ಇನ್ನೊಂದು ಸಲ ಜಗ್ಗಿ ನೋಡಿದ.

ರೋಮ್

ವಿಮಾನದ ಬಗ್ಗೆ ಬರೆಯುವಂಥದ್ದೇನಿಲ್ಲ. ನನಗೆ ಕಿಟಕಿಯ ಸೀಟು ಸಿಕ್ಕಿತ್ತು. ರೆಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ.

ರೋಮಿನಲ್ಲಿ ಸುಂಕದ ಅಧಿಕಾರಿ ಟ್ರಂಕು ಬಿಚ್ಚು ಎಂದ. ಅಪ್ಪ ಹಾಕಿದ್ದು ಬಾವಿಯ ಗಂಟು, ಭಾರ ಬಿದ್ದಷ್ಟೂ ಬಿಗಿಯುವಂಥದ್ದು. ಸೊಲ್ಲಾಪುರದಲ್ಲಿ, ಮುಂಬಯಿಯಲ್ಲಿ ಹಮಾಲರು ಅದೇ ಹಗ್ಗ ಹಿಡಿದು ಎತ್ತಿದ್ದರಿಂದ ಅದು ಕಲ್ಲಾಗಿತ್ತು. ನಾನು ಉಗುರಿನಿಂದ ಕೆದರಿದೆ, ಹಲ್ಲಿನಿಂದ ಜಗ್ಗಿದೆ. ಹಿಂದೆ ನಿಂತವರ ಸಾಲು ಬೆಳೆಯಿತು. ಅಧಿಕಾರಿ ಚಾಕು ತಂದ. ನನಗೆ ಏನನ್ನಿಸಿತೋ, ಎರಡೂ ಕೈಯಿಂದ ಟ್ರಂಕನ್ನು ಅಪ್ಪಿಕೊಂಡು "ನೋ, ನೋ" ಎಂದುಬಿಟ್ಟೆ. ಆಗ ಅವನಿಗೆ ಒಳಗೆ ಏನೋ ಇದೆ ಎಂದು ಖಾತ್ರಿಯಾಗಿರಬೇಕು. ಇನ್ನಿಬ್ಬರನ್ನು ಕರೆದ.

ಕೊನೆಗೆ ಗಂಟು ಬಿಚ್ಚಿತು. ಒಳಗೆ ಎರಡು ಜೊತೆ ಬಟ್ಟೆ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಲಾಗರಿದಮ್ ಪುಸ್ತಕ. ಮೂವರೂ ನಿರಾಶರಾದರು. ಆಮೇಲೆ ಹಿರಿಯವನು ಹಗ್ಗ ನನ್ನ ಕೈಗೆ ಕೊಟ್ಟು, ಆ ಗಂಟನ್ನು ಮತ್ತೆ ಹಾಕಿ ತೋರಿಸು ಎಂದು ಸನ್ನೆ ಮಾಡಿದ. ತೋರಿಸಿದೆ. ನಿಧಾನವಾಗಿ ಮತ್ತೊಮ್ಮೆ ಎಂದ. ಮೂರನೆಯ ಸಲಕ್ಕೆ ಅವನೇ ಹಾಕಿದ. ಪರದೇಶದಲ್ಲಿ ನಾನು ಕೊಟ್ಟ ಮೊದಲ ಪಾಠ ಅದು. ಎರಡನೆಯದು ಅಷ್ಟು ಚೆನ್ನಾಗಿ ಆಗಲಿಲ್ಲ.

ಟ್ರಿಯೆಸ್ಟ್, ಲಿದಿಯಾ ಅವ್ವನ ಮನೆ

ನಮ್ಮ ಶಾಲೆ ಇದ್ದದ್ದು ಟ್ರಿಯೆಸ್ಟ್ ಎಂಬ ಸಮುದ್ರದ ಊರಿನಲ್ಲಿ. ನನಗೆ ಮೂರನೆಯ ಮಹಡಿಯಲ್ಲಿ ಲಿದಿಯಾ ಎಂಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಆಕೆಯ ಭಾಷೆ ಬಾರದು. ಎರಡು ದಿನ ಇಂಗ್ಲಿಷಿನಲ್ಲಿ ಒದ್ದಾಡಿದೆ. ಇಬ್ಬರಿಗೂ ತಿಳಿಯದ ಭಾಷೆಯಾದರೆ ನನ್ನದೇ ಯಾಕಾಗಬಾರದು ಎಂದು ಮೂರನೆಯ ದಿನ ಕನ್ನಡಕ್ಕೆ ಇಳಿದೆ.

"ಅವ್ವಾ, ನೀರ ಎಲ್ಲಿ ಕಾಸ್ಲಿ?"

ಆಕೆ ಒಲೆ ತೋರಿಸಿದಳು. ಅಲ್ಲಿಂದ ಮುಂದೆ ನಮಗೆ ತೊಂದರೆಯಾಗಲಿಲ್ಲ. ನಾನು ಟಿಕೋಟಾದ ಮಾತಿನಲ್ಲಿ ಆಡುವೆ, ಆಕೆ ತನ್ನ ಮಾತಿನಲ್ಲಿ ಬೈಯುವಳು.

ಆ ಊರಿನಲ್ಲಿ ಮಧ್ಯಾಹ್ನವಾದರೆ ಬೀದಿಗೆ ಬೀದಿಯೇ ಕದ ಹಾಕಿಕೊಳ್ಳುತ್ತದೆ. ನಮ್ಮಲ್ಲಿ ಎಂಥ ಬಿಸಿಲಿಗೂ ಹಗಲು ಕದ ಹಾಕುವುದಿಲ್ಲ. ಹಾಕಿದರೆ, ಒಳಗೆ ಜಗಳವೇ ಎಂದು ಯಾರಾದರೂ ಬಂದು ಕೇಳುತ್ತಾರೆ. ಸಂಜೆಯಾದರೆ ಅದೇ ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ಸಮುದ್ರದ ತನಕ ನಡೆದು ಹೋಗಿ, ತಿರುಗಿ ಬಂದು, ಮತ್ತೆ ಹೋಗುತ್ತಾರೆ. ಯಾರೂ ಯಾರನ್ನೂ "ಎಲ್ಲಿಗೆ ಹೊಂಟಿ?" ಎನ್ನುವುದಿಲ್ಲ. ಟಿಕೋಟಾದ ಬಸ್‌ಸ್ಟ್ಯಾಂಡಿನಿಂದ ಮನೆ ಸೇರುವಷ್ಟರಲ್ಲಿ ನಾನು ಏಳೆಂಟು ಜನಕ್ಕೆ ಈ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಬೇಸರದಿಂದಲೇ ಕೊಡುತ್ತೇನೆ. ಅಲ್ಲಿ ಯಾರೂ ಕೇಳದೆ ಹೋದಾಗ ನಾನು ಎಲ್ಲಿಗೂ ಹೋಗುತ್ತಿಲ್ಲವೇನೋ ಎನ್ನಿಸಿತು.

ಊಟದಲ್ಲಿ ಒಂದು ಸಮಾಧಾನ ಇತ್ತು. ಗೋವಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ, ಹಲಗೆಯ ಮೇಲೆ ಬೋರಲು ಹಾಕಿ, ದಾರದಿಂದ ಕೊಯ್ಯುತ್ತಾರೆ. ನಮ್ಮ ಸಂಗಟಿಯೇ. ದಾರ ಮಾತ್ರ ಹೆಚ್ಚು.

ಎರಡನೆಯ ವಾರ

ಮೊದಲ ವಾರದ ಪಾಠಗಳಲ್ಲಿ ನಾನು ಎಲ್ಲವನ್ನೂ ಬರೆದುಕೊಂಡೆ. ಎರಡನೆಯ ವಾರ ಬರೆದುಕೊಂಡದ್ದನ್ನು ಓದಿದೆ. ಗಾಬರಿ ಶುರುವಾದದ್ದು ಆಗ.

ಪಾಠ ಮಾಡುವವರು ಹೇಳುತ್ತಿದ್ದದ್ದು ಇದು: ಖಾಲಿ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಸುಮ್ಮನೆ ತೇಲುವವನಿಗೆ ಯಾವ ಜಾಗ ಖಾಲಿಯೋ ಅದೇ ಜಾಗ ಸತತವಾಗಿ ವೇಗ ಏರಿಸಿಕೊಂಡು ಹೋಗುವವನಿಗೆ ಬೆಚ್ಚಗಿರುತ್ತದೆ. ವೇಗ ಏರಿಸುವವನ ಕೈಯ ಪೆಟ್ಟಿಗೆ ಕಣಗಳನ್ನು ಎಣಿಸುತ್ತದೆ, ತೇಲುವವನದು ಮೂಕವಾಗಿರುತ್ತದೆ. ಹಾಗಾದರೆ ಕಣಗಳು ಇವೆಯೋ ಇಲ್ಲವೋ? ಮನೆಯಲ್ಲಿ ಜನ ಇದ್ದಾರೇನು ಎಂದು ಕೇಳಿದರೆ, ನೀನು ಹೇಗೆ ನಡೆದು ಬಂದೆ ಎಂಬುದರ ಮೇಲಿದೆ ಎಂದ ಹಾಗಾಯಿತು. ನಾನು ತಲೆಯಾಡಿಸಿದೆ. ವಿಜಾಪುರದಲ್ಲಿ ನನ್ನ ಕ್ಲಾಸಿನ ವಿದ್ಯಾರ್ಥಿಗಳೂ ಹೀಗೇ ತಲೆಯಾಡಿಸುವುದು ನೆನಪಾಗಿ, ಕುಳಿತಲ್ಲೇ ಬೆವರಿದೆ.

ಪಕ್ಕದ ಮೇಜಿನವನು ಪೋಲೆಂಡಿನ ಯಾನೆಕ್. ತೆಂಗಿನ ಮರದಷ್ಟು ಎತ್ತರ, ಯಾವಾಗಲೂ ಕೈಯಲ್ಲೊಂದು ಹಣ್ಣು. "ನಿನಗೆ ತಿಳಿಯಿತಾ?" ಎಂದ.

"ತಿಳಿಯಿತು," ಎಂದೆ.

"ನನಗೇನೂ ತಿಳಿಯಲಿಲ್ಲ," ಎಂದು ಅವನು ಇಡೀ ಸಭೆಗೆ ಕೇಳುವಂತೆ ಹೇಳಿದ. ಪಾಠ ಮಾಡುತ್ತಿದ್ದವರು ನಕ್ಕು, ಮತ್ತೆ ಮೊದಲಿನಿಂದ ಹೇಳಿದರು. ನಾನು ಅದನ್ನೂ ಬರೆದುಕೊಂಡೆ. ಮೊದಲ ಸಲ ಬರೆದದ್ದಕ್ಕೂ ಇದಕ್ಕೂ ತಾಳೆ ಬೀಳಲಿಲ್ಲ.

ನಮ್ಮ ಗುಂಪಿಗೆ ಹಿರಿಯರಾಗಿ ಸ್ಕಾಟ್ಲೆಂಡಿನ ಒಬ್ಬ ಮಾಸ್ತರು ಇದ್ದರು. ಕೋಟಿನ ತೋಳಿನಿಂದಲೇ ಹಲಗೆ ಒರೆಸುವ ಮನುಷ್ಯ. ಎಲ್ಲರಿಗೂ ಒಂದೊಂದು ಪ್ರಶ್ನೆ ಹಂಚಿದರು. ನನಗೆ ಬಂದದ್ದು ನಾನು ಬಯಸಿದ್ದೇ: ಶೋಧಕ ಕಪ್ಪುಕುಳಿಗೆ ಬೀಳುವಾಗ ಅದರ ಎಣಿಕೆ ಹೇಗೆ ಬದಲಾಗುತ್ತದೆ? ಸುಲಭವಾಗಲೆಂದು, ಲೋಕಕ್ಕೆ ಅಗಲ ಎತ್ತರ ಇಲ್ಲ, ಒಂದೇ ಗೆರೆ ಎಂದು ಹಿಡಿ ಎಂದರು.

ಲೆಕ್ಕ ಎಂದರೆ ನನಗೆ ಭಯವಿಲ್ಲ. ತಿಳಿಯದ ಮಾತಿನ ನಡುವೆ ಅದೊಂದೇ ನನ್ನ ಹಿಡಿತಕ್ಕೆ ಸಿಗುವಂಥದ್ದು. ಪೆಟ್ಟಿಗೆಯನ್ನು ಅಂಚಿನಿಂದ ದೂರದಲ್ಲಿ ಇಟ್ಟು ಎಣಿಕೆ ತೆಗೆದೆ. ಇನ್ನಷ್ಟು ಹತ್ತಿರ ತಂದು ತೆಗೆದೆ. ಮತ್ತೆ ಹತ್ತಿರ. ಹೀಗೆ ಎರಡು ವಾರ. ಮೊದಲು ಬೆಚ್ಚಗೆ, ಆಮೇಲೆ ಬಿಸಿ, ಆಮೇಲೆ ಬೆಂಕಿ. ಅಂಚಿಗೆ ಬಂದಾಗ ಎಣಿಕೆಗೆ ಮಿತಿಯೇ ಇಲ್ಲ. ಪೆಟ್ಟಿಗೆ ಸುಟ್ಟುಹೋಗಬೇಕು. ನನಗೆ ಆದ ಹೆಮ್ಮೆ ಎಷ್ಟೆಂದರೆ, ಆ ಸಂಜೆ ನಾನೂ ಒಳ್ಳೆಯ ಅಂಗಿ ಹಾಕಿಕೊಂಡು ಸಮುದ್ರದ ತನಕ ಹೋಗಿ ಬಂದೆ.

ಫಲಿತಾಂಶವನ್ನು ಒಂದೇ ಸಾಲಿನಲ್ಲಿ ಬರೆದು ಮಾಸ್ತರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು.

"ವಿಚಿತ್ರ. ನಾನು ಹೀಗೆ ಎಂದುಕೊಂಡಿರಲಿಲ್ಲ. ಲೆಕ್ಕ ತೋರಿಸುತ್ತೀಯಾ?"

"ಕೊನೆಯ ವಾರ ನನ್ನ ಸರದಿ ಇದೆಯಲ್ಲ, ಬುಧವಾರ. ಆವತ್ತು ತೋರಿಸುತ್ತೇನೆ."

"ಖಾತ್ರಿ ಇದೆಯೇ?"

"ಇದೆ."

ಅವತ್ತೇ ತೋರಿಸಿದ್ದರೆ ಆಗುತ್ತಿತ್ತು. ಆದರೆ ಬೇರೆಯವರ ಕೈ ತಾಗದೆ, ಪೂರ್ತಿ ನನ್ನದೇ ಎಂದು ಹಲಗೆಯ ಮೇಲೆ ಬರೆಯಬೇಕು ಎಂಬ ಹಟ ನನಗೆ.

ಗುಡ್ಡದ ಮೇಲೆ, ರವಿವಾರ

ಕೊನೆಯ ವಾರಕ್ಕೆ ಮುಂಚಿನ ರವಿವಾರ ನಮ್ಮನ್ನು ಬಸ್ಸಿನಲ್ಲಿ ಊರ ಹಿಂದಿನ ಗುಡ್ಡಕ್ಕೆ ಕರೆದೊಯ್ದರು. ಮೇಲೆ ಹೋದರೆ ಕಲ್ಲು, ಕುರುಚಲು ಗಿಡ, ಅಲ್ಲಲ್ಲಿ ಕಲ್ಲೊಟ್ಟಿದ ಬದು. ಹಿಂದೆ ತಿರುಗಿ ಸಮುದ್ರ ನೋಡದಿದ್ದರೆ ಟಿಕೋಟಾದ ಬರಡು ಮಡ್ಡಿಯೇ ಅನ್ನಬಹುದು. ಅಲ್ಲಿಯೂ ಮೇಲೆ ಹೊಳೆಯಿಲ್ಲ, ನೀರೆಲ್ಲ ನೆಲದೊಳಗೆ. ಐದು ವಾರದಲ್ಲಿ ಯಾರೂ ವಿವರಿಸದೆ ನನಗೆ ತಿಳಿದದ್ದು ಅದೊಂದೇ.

ಒಂದು ಕಡೆ ನೆಲ ಬಾಯಿ ತೆರೆದಿತ್ತು. ಸುತ್ತ ಕಬ್ಬಿಣದ ಕಂಬಿ. ಬಗ್ಗಿ ನೋಡಿದರೆ ತಳ ಕಾಣದು. ಎಲ್ಲರೂ ಕಂಬಿ ಹಿಡಿದು ನಿಂತಿದ್ದೆವು. ಯಾನೆಕ್ ಒಂದು ಕಲ್ಲು ಎತ್ತಿಕೊಂಡು, ಎಷ್ಟು ಆಳವಿದೆ ನೋಡೋಣ ಎಂದು ಕೈಬಿಟ್ಟ.

"ಕಲ್ಲ ಬಂತೋ!"

ಕೂಗಿದ್ದು ನಾನು. ಗಂಟಲು ಹರಿಯುವ ಹಾಗೆ, ಕುಳಿಯೊಳಗೆ ಬಗ್ಗಿ, ಕನ್ನಡದಲ್ಲಿ. ಎಲ್ಲರೂ ನನ್ನ ಕಡೆ ತಿರುಗಿದರು. ಕೆಳಗೆ ಎಲ್ಲೋ ಕಲ್ಲು ಒಂದು ಸಲ ಬಡಿಯಿತು, ಇನ್ನೊಂದು ಸಲ ಬಡಿಯಿತು.

"ಏನೆಂದು ಕೂಗಿದೆ?" ಎಂದ ಯಾನೆಕ್.

"ಕಲ್ಲು ಬರುತ್ತಿದೆ ಎಂದು."

"ಯಾರಿಗೆ?"

"ಕೆಳಗಿದ್ದವನಿಗೆ."

"ಕೆಳಗೆ ಯಾರೂ ಇಲ್ಲ."

"ನಿನಗೆ ಹೇಗೆ ಗೊತ್ತು?" ಎಂದೆ.

ಬಾವಿ ತೋಡುವವರಲ್ಲಿ ಒಂದು ಕಟ್ಟಳೆ ಇದೆ. ಬಾವಿಯೊಳಗೆ ಏನನ್ನೂ ಬೀಳಗೊಡಬಾರದು. ಗುದ್ದಲಿ, ಹಾರೆ, ಬುಟ್ಟಿ, ನೀರಿನ ಕೊಡ, ಮನುಷ್ಯ, ಎಲ್ಲವೂ ಹಗ್ಗದ ಮೇಲೆಯೇ ಇಳಿಯಬೇಕು. ಮೇಲೆ ನಿಂತವನು ಮಡಿಲಲ್ಲಿ ಅಡಿಕೆ ಚೂರು ಸಹ ಇಟ್ಟುಕೊಳ್ಳುವುದಿಲ್ಲ. ಅಷ್ಟಾಗಿಯೂ ಒಂದು ಹರಳು ಜಾರಿದರೆ "ಕಲ್ಲ ಬಂತೋ" ಎಂದು ಕೂಗಬೇಕು. ಕೆಳಗಿದ್ದವನು ಮೇಲೆ ನೋಡದೆ ಗೋಡೆಗೆ ಅಂಟಿಕೊಳ್ಳಬೇಕು. ಬಿ.ಎಸ್ಸಿ. ಮುಗಿದ ಬೇಸಿಗೆಯಲ್ಲಿ ನಿಡೋಣಿಯ ಒಂದು ಬಾವಿಯಲ್ಲಿ ರಾಜೇಸಾಬನ ಜೊತೆ ನಾನು ಹಗ್ಗ ಹಿಡಿದಿದ್ದೆ. ನನ್ನ ಕಾಲ ಕೆಳಗಿನ ಒಂದು ಹೆಂಟೆ ಜಾರಿತು. ನಾನು ಕೂಗಲು ತಡಮಾಡಿದೆ. ಅಪ್ಪನ ಎಡ ಭುಜ ಇವತ್ತಿಗೂ ಪೂರ್ತಿ ಮೇಲೆ ಏಳುವುದಿಲ್ಲ.

ಹಳೆಯ ಬಾವಿಯಾದರೆ ಮನುಷ್ಯನಿಗಿಂತ ಮೊದಲು ಕಂದೀಲು ಇಳಿಸುತ್ತಾರೆ. ಒಂದು ಮಾರು ಇಳಿಸಿ ನಿಲ್ಲಿಸುವುದು, ಉರಿ ನೋಡುವುದು. ಇನ್ನೊಂದು ಮಾರು, ಮತ್ತೆ ನಿಲ್ಲಿಸುವುದು. ಉರಿ ಸಣ್ಣದಾದರೆ ಕೆಳಗೆ ಗಾಳಿ ಕೆಟ್ಟಿದೆ ಎಂದರ್ಥ.

ಕಂಬಿ ಹಿಡಿದು ನಿಂತಿದ್ದವನು ನಾನು ಹಾಗೆಯೇ ಕೆಳಗೆ ಕುಳಿತುಬಿಟ್ಟೆ. ಯಾನೆಕನ ಕಲ್ಲಿಗೆ ಹಗ್ಗವಿರಲಿಲ್ಲ. ನನ್ನ ಪೆಟ್ಟಿಗೆಗೆ ಇತ್ತು. ಎರಡು ವಾರ ನಾನು ಮಾಡಿದ್ದು ಅದೇ: ಇಳಿಸಿದೆ, ನಿಲ್ಲಿಸಿದೆ, ಎಣಿಸಿದೆ, ಮತ್ತೆ ಇಳಿಸಿದೆ. ಬೀಳುವ ಶೋಧಕದ ಲೆಕ್ಕ ಮಾಡು ಎಂದರೆ, ಕುಳಿಯೊಳಗೆ ಏನನ್ನೂ ಬೀಳಗೊಡದ ಮನೆಯ ಮಗ ನಾನು ಅದನ್ನು ಕಂದೀಲಿನ ಹಾಗೆ ಮಾರು ಮಾರು ಇಳಿಸಿದ್ದೆ. ಬೇರೆ ರೀತಿ ಮಾಡಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಮತ್ತು ಹಗ್ಗ ಎಂದರೆ ಸಣ್ಣ ವ್ಯತ್ಯಾಸವಲ್ಲ. ಅಂಚಿನ ಹತ್ತಿರ ಒಂದು ವಸ್ತುವನ್ನು ನಿಲ್ಲಿಸಬೇಕಾದರೆ ಅದನ್ನು ಬಲವಾಗಿ ಮೇಲಕ್ಕೆ ಜಗ್ಗುತ್ತಲೇ ಇರಬೇಕು. ಹಾಗೆ ಜಗ್ಗಿಸಿಕೊಳ್ಳುವುದೂ ವೇಗ ಏರಿಸಿಕೊಳ್ಳುವುದೂ ಒಂದೇ, ಅಂಥ ಪೆಟ್ಟಿಗೆಗೆ ಬಿಸಿ ತಾಗುತ್ತದೆ ಎಂದೇ ಮೊದಲ ವಾರ ಪಾಠ ಹೇಳಿದ್ದರು. ನಾನು ತಲೆಯಾಡಿಸಿ ಬರೆದುಕೊಂಡಿದ್ದೆ.

ಸೋಮವಾರ, ಮಂಗಳವಾರ

ಉಳಿದದ್ದು ಎರಡು ದಿನ. ಹಗ್ಗ ಕಡಿದು ಲೆಕ್ಕ ಹೊಸದಾಗಿ ಶುರು ಮಾಡಿದೆ.

ನೇತಾಡುವ ಪೆಟ್ಟಿಗೆಗೆ ತಾಳ್ಮೆ ಇರುತ್ತದೆ. ನಿಂತಲ್ಲೇ ಎಷ್ಟು ಹೊತ್ತು ಬೇಕಾದರೂ ಎಣಿಸುತ್ತದೆ. ಬೀಳುವ ಪೆಟ್ಟಿಗೆ ಹಾಗಲ್ಲ. ಒಂದು ಕಣ ತಾಗಿತೋ ಇಲ್ಲವೋ ಎಂದು ಅದು ತೀರ್ಮಾನಿಸುವಷ್ಟರಲ್ಲಿ ಮೊದಲಿದ್ದ ಜಾಗದಲ್ಲಿ ಇರುವುದಿಲ್ಲ. ಹಾಗಾದರೆ ಆ ಎಣಿಕೆ ಯಾವ ಜಾಗದ್ದು? ಸೋಮವಾರ ಇಡೀ ದಿನ ಈ ಒಂದು ಪ್ರಶ್ನೆಯ ಸುತ್ತ ಗಾಣದ ಎತ್ತಿನ ಹಾಗೆ ತಿರುಗಿದೆ. ಮಂಗಳವಾರ ಮಧ್ಯಾಹ್ನಕ್ಕೆ ಅಂಚಿನ ತನಕ ಹೇಗೋ ಬಂದೆ. ಬೆಂಕಿ ಇರಲಿಲ್ಲ. ಮಿತಿ ಮೀರಿದ್ದು ಏನೂ ಇರಲಿಲ್ಲ. ಬಿಸಿ ಎಂದು ಹೇಳಿಕೊಳ್ಳುವಂಥದ್ದೂ ಇರಲಿಲ್ಲ. ಅಂಚು ಬಂದದ್ದೇ ಪೆಟ್ಟಿಗೆಗೆ ಗೊತ್ತಾಗಲಿಲ್ಲ. ಅದರಾಚೆ ಲೆಕ್ಕ ಕೈಕೊಟ್ಟಿತು.

ಒಂದೇ ಜಾಗದಲ್ಲಿ ಎರಡು ಪೆಟ್ಟಿಗೆ. ಹಗ್ಗದ್ದು ಸುಡುತ್ತಿದೆ, ಪಕ್ಕದಲ್ಲೇ ಬಿದ್ದು ಹೋಗುವುದು ತಣ್ಣಗಿದೆ. ಎರಡೂ ಖರೆ. ಇದನ್ನು ನಾನೇ ಲೆಕ್ಕ ಹಾಕಿದ್ದೇನೆ, ನಾನೇ ನಂಬಲಾರೆ.

ಯಾನೆಕನಿಗೆ ಎಲ್ಲ ಹೇಳಿದೆ. ಅವನು ಹಣ್ಣು ತಿನ್ನುವುದನ್ನು ನಿಲ್ಲಿಸಿದ.

"ಜ್ವರ ಬಂದಿದೆ ಎಂದು ಹೇಳು. ಲೆಕ್ಕ ಮುಗಿಸಿ ಆಮೇಲೆ ಅಂಚೆಯಲ್ಲಿ ಕಳಿಸು. ನಾನು ತಪ್ಪು ಮಾಡಿದೆ ಎಂದು ಹಲಗೆಯ ಮುಂದೆ ಹೇಳಿದವನಿಗೆ ಯಾರು ಎರಡು ವರ್ಷ ಕೊಡುತ್ತಾರೆ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮನೆಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕುಳಿತೆ.

"ಅವ್ವಾ, ಲೆಕ್ಕ ಎಲ್ಲಾ ಹಾಳಾತು. ಜಡ್ಡ ಬಂದಾವ್ರ ಹಂಗ ಮಲಕೊಂಡ ಬಿಡ್ಲೇನು?"

ಲಿದಿಯಾ ಅವ್ವ ಸೌಟು ಎತ್ತಿ ಹಿಡಿದು ಬಹಳ ಹೊತ್ತು ಮಾತಾಡಿದಳು. ಒಮ್ಮೆ ಛಾವಣಿ ತೋರಿಸಿದಳು, ಒಮ್ಮೆ ನನ್ನ ಬೂಟು ತೋರಿಸಿದಳು.

"ಖರೇ ಐತಿ ಬೇ. ಆದ್ರ ಊರಾಗ ಏನಂತ ಹೇಳ್ಲಿ? ಎಲ್ಲಾರಿಗೂ ಹೇಳಿ ಬಂದೇನಿ."

ಆಕೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ ಎಂದು ಆಕೆಗೂ ಗೊತ್ತಾಗಿರಬೇಕು. ಒಂದು ತುಂಡು ಸಂಗಟಿ ಕೊಯ್ದು ತಟ್ಟೆಗೆ ಹಾಕಿದಳು.

ಬುಧವಾರ

ಹಲಗೆಯ ಮೇಲೆ ಮೊದಲೇ ನನ್ನ ಹೆಸರು, ವಿಷಯ ಬರೆದಿಟ್ಟಿದ್ದರು: ಕಪ್ಪುಕುಳಿಗೆ ಬೀಳುವ ಶೋಧಕ. ನಾನು 'ಬೀಳುವ' ಎಂಬುದನ್ನು ಅಳಿಸಿ 'ಇಳಿಸಿದ' ಎಂದು ಬರೆದೆ. ಜನರ ಕಡೆ ತಿರುಗಿ ನಿಂತೆ.

"ನನಗೆ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರ ಇಲ್ಲ," ಎಂದೆ. "ನಾನು ಪೆಟ್ಟಿಗೆಗೆ ಹಗ್ಗ ಕಟ್ಟಿಬಿಟ್ಟೆ. ನಮ್ಮ ತಂದೆ ಬಾವಿ ತೋಡುತ್ತಾರೆ. ನಮ್ಮಲ್ಲಿ ಯಾರೂ ಯಾವುದನ್ನೂ ಬೀಳಿಸುವುದಿಲ್ಲ."

ಯಾರೋ ನಕ್ಕರು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಯಿತು, ಆಮೇಲೆ ನಿಂತಿತು. ನಾನು ಹಗ್ಗದ ಪೆಟ್ಟಿಗೆಯ ಲೆಕ್ಕ ಹೇಳಿದೆ. ಬೀಳುವ ಪೆಟ್ಟಿಗೆಯದು ಅಂಚಿನ ತನಕ ಮಾತ್ರ ಆಗಿದೆ ಎಂದೆ. ಇಪ್ಪತ್ತು ನಿಮಿಷದ ಮಾತು ಹದಿಮೂರು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತು ಏನು ಮಾಡಬೇಕೋ ತಿಳಿಯದೆ ಸುಣ್ಣದ ಕಡ್ಡಿ ಹಿಡಿದು ನಿಂತೆ.

ಸ್ಕಾಟ್ಲೆಂಡಿನ ಮಾಸ್ತರು ಎದ್ದರು. "ನಿನ್ನ ಹಗ್ಗ ಎಷ್ಟು ಭಾರ ತಡೆಯಬೇಕು?"

"ಅಂಚಿಗೆ ಹತ್ತಿರವಾದಷ್ಟೂ ಹೆಚ್ಚು. ಅಂಚಿನಲ್ಲಿ, ಮಿತಿಯಿಲ್ಲದಷ್ಟು."

"ಅಂದರೆ?"

"ಎಂಥ ಹಗ್ಗವಾದರೂ ಹರಿಯುತ್ತದೆ."

"ಹರಿದರೆ?"

"ಬೀಳುತ್ತದೆ. ಬಿದ್ದರೆ ಬಿಸಿ ಇಲ್ಲ." ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಹರಿದ ಗಳಿಗೆಯಲ್ಲಿ ಆ ಬೆಂಕಿಯೆಲ್ಲ ಎಲ್ಲಿಗೆ ಹೋಯಿತು? ಅದನ್ನೇ ಕೇಳುತ್ತಾರೆಂದು ಕಾದೆ. ಅವರು ಕೇಳಲಿಲ್ಲ, ಕುಳಿತರು.

ಶುಕ್ರವಾರ ಬಾಗಿಲಿಗೆ ಪಟ್ಟಿ ಅಂಟಿಸಿದರು. ಒಂದು ಜಾಗ ಯಾನೆಕನಿಗೆ. ಇನ್ನೊಂದು ನಾನು ಒಮ್ಮೆಯೂ ಮಾತಾಡಿಸದ ಒಬ್ಬಳಿಗೆ. ಪಟ್ಟಿಯನ್ನು ಮೂರು ಸಲ ಓದಿದೆ, ಎರಡೇ ಹೆಸರಿದ್ದರೂ. ಯಾನೆಕ್ ಬಂದು ನನ್ನ ಕೈ ಹಿಡಿದ. ಅವನ ಸಂತೋಷಕ್ಕೆ ಅಡ್ಡ ಬರಬಾರದೆಂದು ನಕ್ಕೆ. ಮಾಸ್ತರು ಮೆಟ್ಟಿಲ ಮೇಲೆ ಸಿಕ್ಕು, "ನಾನು ಕೇಳದ ಪ್ರಶ್ನೆಗೆ ನಿನ್ನ ಉತ್ತರ ಸರಿಯಾಗಿತ್ತು. ಕೇಳಿದ್ದರ ಉತ್ತರ ಸಿಕ್ಕರೆ ನನಗೆ ಕಳಿಸು," ಎಂದರು. ಅದು ಮರ್ಯಾದೆಗೆ ಹೇಳಿದ್ದೋ ಮನಸ್ಸಿನಿಂದ ಹೇಳಿದ್ದೋ ಆ ಜನರ ಮುಖದಲ್ಲಿ ನನಗೆ ಓದಲು ಬರುವುದಿಲ್ಲ.

ಘೋಣಸಗಿ

ಟಿಕೋಟಾದಲ್ಲಿ ಇಳಿದಾಗ ಅಪ್ಪ ಮನೆಯಲ್ಲಿರಲಿಲ್ಲ. ಘೋಣಸಗಿಯಲ್ಲಿ ಬಾವಿ ಹಿಡಿದಿದ್ದಾರೆ ಎಂದರು. ಯಾರಿಗಾದರೂ ಸುದ್ದಿ ಹೇಳುವ ಮುಂಚೆ ಅಪ್ಪನಿಗೆ ಹೇಳಬೇಕೆಂದು ನೆಟ್ಟಗೆ ಅಲ್ಲಿಗೇ ಹೋದೆ. ಮಧ್ಯಾಹ್ನ. ಅಪ್ಪ ಮೇಲೆ ಬಂದು ಮಣ್ಣಿನ ದಿಬ್ಬದ ಮೇಲೆ ಕುಳಿತು ಬುತ್ತಿ ಉಣ್ಣುತ್ತಿದ್ದ. ರಾಜೇಸಾಬ ರಾಟೆಗೆ ಎಣ್ಣೆ ಹಾಕುತ್ತಿದ್ದ.

"ಬಂದ್ಯಾ ಮಾಸ್ತರ! ಡಾಕ್ಟರ ಆದ್ಯಾ?"

"ಇಲ್ಲ ಕಾಕಾ. ಜಾಗಾ ಬ್ಯಾರೇದವರಿಗೆ ಹೋತು."

ಅಪ್ಪ ಅಗಿಯುವುದನ್ನು ನಿಲ್ಲಿಸಲಿಲ್ಲ. "ಯಾಕ?"

"ತಪ್ಪ ಮಾಡಿದೆ ಯಪ್ಪಾ. ಪೆಟಿಗಿ ಬೀಳಬೇಕಿತ್ತು. ನಾ ಹಗ್ಗಾ ಕಟ್ಟಿ ಇಳಿಸಿದೆ."

ಈಗ ನಿಲ್ಲಿಸಿದ. "ಮತ್ತ? ಇಳಸೂದ ಬಿಟ್ಟು ಒಗೀತಾರೇನ?"

"ಅವರು ಕೇಳಿದ್ದ, ಒಗದ್ರ ಏನಾಕ್ಕೈತಿ ಅಂತ."

"ಎಂಥಾ ಮಂದಿ ಅದಾರಪಾ," ಎಂದ ರಾಜೇಸಾಬ.

ನಾನು ಎರಡೂ ಪೆಟ್ಟಿಗೆಗಳ ಕಥೆ ಹೇಳಿದೆ. ಹಗ್ಗದ್ದು ಸುಡುತ್ತದೆ, ಕೈಬಿಟ್ಟದ್ದಕ್ಕೆ ಅಂಚು ದಾಟುವಾಗ ಏನೂ ಆಗುವುದಿಲ್ಲ. ಇಬ್ಬರೂ ಗಮನವಿಟ್ಟು ಕೇಳಿದರು. ಇಟಲಿಯಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಕಡಿಮೆ.

"ಒಂದ ಮಾತ," ಎಂದ ರಾಜೇಸಾಬ. "ಒಳಗ ಹ್ವಾದದ್ದು ಹೊಳ್ಳಿ ಬರೂದಿಲ್ಲ ಅಂದಿ. ಬೆಳಕೂ ಬರೂದಿಲ್ಲ ಅಂದಿ. ಮತ್ತ ಪೆಟಿಗಿಗೆ ಏನೂ ಆಗ್ಲಿಲ್ಲ ಅಂತ ಸುದ್ದಿ ಮ್ಯಾಲ ತಂದಾಂವ ಯಾರು?"

"ಲೆಕ್ಕ ಹೇಳತೈತಿ ಕಾಕಾ."

"ನಿನ್ನ ಲೆಕ್ಕ ಮೊದಲ ಸುಡತೈತಿ ಅಂದಿತ್ತಲಾ."

ಅಪ್ಪ ಕೊಡದಿಂದ ನೀರು ಬಗ್ಗಿಸಿಕೊಂಡು ಕೈ ತೊಳೆದ.

"ಅಂಚ ದಾಟಿ ಒಳಗ ಹ್ವಾದ ಮ್ಯಾಲ ಏನಾಕ್ಕೈತಿ?"

"ಅಲ್ಲೀ ಮಟಾ ಲೆಕ್ಕ ಹೋಗಿಲ್ಲ. ಮುಂದಿಂದು ನನಗ ಗೊತ್ತಿಲ್ಲ."

"ಆ ದೊಡ್ಡ ಮಾಸ್ತರಗ?"

"ಅವರಿಗೂ ಪೂರಾ ಗೊತ್ತಿದ್ಹಂಗ ಕಾಣಲಿಲ್ಲ."

"ಅಂದ್ರ ಕೆಲಸ ಇನ್ನಾ ಐತಿ." ಅಪ್ಪ ಎದ್ದು ಸೊಂಟಕ್ಕೂ ಹೆಗಲಿಗೂ ಹಗ್ಗ ಸುತ್ತಿಕೊಂಡ. ಎಡಗೈ ಮೇಲೆ ಬಾರದ್ದರಿಂದ ಹೆಗಲ ಗಂಟನ್ನು ರಾಜೇಸಾಬ ಹಾಕಿದ.

"ಕೆಲಸ ಐತಿ. ಜಾಗಾ ಸಿಗಲಿಲ್ಲಲ್ಲ ಯಪ್ಪಾ."

"ಅಲ್ಲಲೇ, ಬಾವ್ಯಾಗ ನೀರ ಬಿತ್ತಂದ್ರ ನಮ್ಮನ್ನ ಅವತ್ತ ಮನಿಗೆ ಕಳಸ್ತಾರ. ನೀರ ಬೀಳೂತನಾ ಯಾರೂ ಹೋಗ ಅನ್ನೂದಿಲ್ಲ. ನಿನ್ನ ಕುಣ್ಯಾಗ ನೀರ ಇನ್ನಾ ಎಲ್ಲಿ ಬಿದ್ದೈತಿ?" ಎಂದ ಅಪ್ಪ. ರಾಜೇಸಾಬನ ಕಡೆ ನೋಡಿ, "ಬಿಡಪಾ," ಎಂದ. ರಾಟೆ ತಿರುಗಿತು. ಅಪ್ಪ ಕೆಳಗೆ ಹೋದ.

ನಾನು ದಿಬ್ಬದಿಂದ ದೂರ, ಹರಳು ಜಾರದ ಕಡೆ ಹೋಗಿ ಕುಳಿತೆ. ಚೀಲದಿಂದ ನೋಟ್‌ಬುಕ್ ತೆಗೆದು ಹೊಸ ಹಾಳೆಯ ಮೇಲೆ 'ಅಂಚಿನ ಆಚೆ' ಎಂದು ಬರೆದೆ. ಕೆಳಗೆ ಮೊದಲ ಸಾಲು ಬರೆದೆ. ತಪ್ಪಾಗಿತ್ತು. ಹೊಡೆದುಹಾಕಿ ಮತ್ತೆ ಬರೆದೆ.